ಹಳೇ ಟಿವಿಗೆ ಅಯಸ್ಕಾಂತ ಹಿಡಿದರೆ

ಹಳೇ ಡಬ್ಬಾ ಟಿವಿಯ ಹೊಟ್ಟೆ ಬಗೆದು ಮೀನಿನ ತೊಟ್ಟಿ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಸಂಕಟ. ನೋಡೋಕೆ ಚೆನ್ನಾಗಿರುತ್ತದೆ, ಆದರೆ ಅಲ್ಲಿ ಟಿವಿ ಎಲ್ಲಿದೆ? ಬರೀ ಪೆಟ್ಟಿಗೆ ಉಳಿದಿರುತ್ತದೆ. ಹಳೇ ಟಿವಿಯಿಂದ ಒಂದು ಕಲಾಕೃತಿ ಮಾಡಲು ಹೊರಟಾಗ ನನಗೆ ಬೇಕಿದ್ದದ್ದು ಓಡುವ ಟಿವಿ.

ದಾರಿ ತೋರಿಸಿದ್ದು ಕೊರಿಯಾ ಮೂಲದ ವಿಡಿಯೊ ಕಲಾವಿದ ನಾಮ್ ಜುನ್ ಪೈಕ್. 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಅವರು ಟಿವಿಗಳ ಚಿತ್ರವನ್ನೇ ತಿರುಚಿ ಪ್ರದರ್ಶನಕ್ಕಿಟ್ಟಿದ್ದರು. 1965ರಲ್ಲಂತೂ ಕಪ್ಪು ಬಿಳುಪು ಟಿವಿಯ ನೆತ್ತಿ ಮೇಲೆ ದೊಡ್ಡ ಅಯಸ್ಕಾಂತ ಕೂರಿಸಿದರು, ಅಷ್ಟೇ ಕೃತಿ!

ಪಿಕ್ಚರ್ ಟ್ಯೂಬಿನ ಹಿಂಬದಿಯಿಂದ ಎಲೆಕ್ಟ್ರಾನ್ ಕಿರಣ ಬರುತ್ತದೆ, ಟ್ಯೂಬಿನ ಕುತ್ತಿಗೆಗೆ ಸುತ್ತಿದ ಕಾಯಿಲ್‌ಗಳು ಅದನ್ನು ಸಾಲು ಸಾಲಾಗಿ ಓಡಿಸುತ್ತವೆ, ನಮ್ಮ ಹಳೇ ಟಿವಿ ಪ್ರಸಾರದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲು. ಹೊರಗಿನಿಂದ ಅಯಸ್ಕಾಂತ ತಂದರೆ ಆ ಕಿರಣವೇ ದಾರಿ ತಪ್ಪುತ್ತದೆ. ಎಲ್‌ಇಡಿ ಪರದೆಯಲ್ಲಿ ಈ ಆಟ ನಡೆಯಲ್ಲ.

ಕಪ್ಪು ಬಿಳುಪು ಸೆಟ್ಟನ್ನೇ ಹುಡುಕಿ ತಂದೆ. ಕಲರ್ ಟ್ಯೂಬಿನ ಗಾಜಿನ ಹಿಂದೆ ಶ್ಯಾಡೋ ಮಾಸ್ಕ್ ಅಂತ ಸಣ್ಣ ಸಣ್ಣ ತೂತಿನ ತಗಡು ಇರುತ್ತದೆ. ಅದಕ್ಕೆ ಅಯಸ್ಕಾಂತದ ಗುಣ ಅಂಟಿಕೊಂಡರೆ ಪರದೆ ಮೇಲೆ ಬಣ್ಣದ ಕಲೆ ಉಳಿದುಬಿಡುತ್ತದೆ. ಆ ಗುಣ ಅಳಿಸುವ ಡಿಗಾಸ್ ಕಾಯಿಲ್ ಆಡಿಸಿ ತೆಗೆಯಬಹುದು, ಆದರೆ ಬಲವಾದ ಅಯಸ್ಕಾಂತಕ್ಕೆ ತಗಡೇ ಸೊಟ್ಟಗಾದರೆ ಮುಗೀತು.

ಹಿಂದಿನ ಮುಚ್ಚಳ ಬಿಚ್ಚುವ ಕೆಲಸ ಮಾತ್ರ ಟಿವಿ ರಿಪೇರಿ ಬಲ್ಲವರಿಗೇ ಬಿಟ್ಟೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಸುಮ್ನೆ ಕೈ ಹಾಕುವ ಜಾಗ ಅಲ್ಲ ಅದು.

ಈ ಸೆಟ್ಟಿಗೆ ಆಂಟೆನಾ ಸಾಕೆಟ್ ಬಿಟ್ಟು ಬೇರೆ ದಾರಿ ಇಲ್ಲ. ಹಾಗಾಗಿ ವಿಡಿಯೊ ಪ್ಲೇಯರ್‌ಗೂ ಟಿವಿಗೂ ನಡುವೆ, ಪ್ಲೇಯರ್‌ನ ಚಿತ್ರವನ್ನು ಆಂಟೆನಾ ಸಿಗ್ನಲ್ ಮಾಡಿಕೊಡುವ ಆರ್‌ಎಫ್ ಮಾಡ್ಯುಲೇಟರ್ ಹಾಕಿದೆ. ಮೊದಲು ವಾರ್ತೆ ಓದುವವರ ಮುಖ ಓಡಿಸಿ ನೋಡಿದೆ, ಮೂಗು ಕಿವಿಯ ಕಡೆ ಜಾರಿದಾಗ ಎಲ್ಲರೂ ನಕ್ಕರು, ನಕ್ಕು ಮುಂದೆ ಹೋದರು. ಬರೀ ಅಡ್ಡಗೆರೆಗಳನ್ನು ಹಾಕಿದ ಮೇಲೆ ಜನ ನಿಂತರು. ಗೆರೆಗಳು ಬಳ್ಳಿಯ ಹಾಗೆ ಬಾಗುವುದನ್ನು ನೋಡುತ್ತಾ, ಹಗ್ಗಕ್ಕೆ ಕಟ್ಟಿದ್ದ ಅಯಸ್ಕಾಂತವನ್ನು ತಾವೇ ಆಡಿಸತೊಡಗಿದರು.

ಎದುರಿಗೆ ಒಂದೇ ಕುರ್ಚಿ ಇಟ್ಟೆ. ಒಂದು ಕಾಲದಲ್ಲಿ ಮನೆಯ ಕುರ್ಚಿಗಳೆಲ್ಲ ಟಿವಿ ಕಡೆಗೇ ಮುಖ ಮಾಡಿದ್ದವು, ಅಲ್ವಾ? ಮರದ ಕ್ಯಾಬಿನೆಟ್ಟಿಗೆ ಪಾಲಿಶ್ ಹೊಡೆಯಲಿಲ್ಲ. ತಿರುಗಿಸಿ ತಿರುಗಿಸಿ ಸವೆದ ನಾಬ್‌ಗಳನ್ನೂ ಹಾಗೇ ಬಿಟ್ಟೆ. ಚಿತ್ರ ಉರುಳಿದರೆ ವಯಸ್ಸಾದವರು ಸೀದಾ ಬಂದು ಡಬ್ಬದ ತಲೆಗೆ ಒಂದು ತಟ್ಟುತ್ತಿದ್ದರು, ಅದೂ ಕೃತಿಯ ಭಾಗವೇ ಅಂದುಕೊಂಡೆ.

ಫೋಟೋ ತೆಗೆಯುವುದಾದರೆ ಶಟರ್ ವೇಗ 1/25 ಸೆಕೆಂಡಿಗೆ ಇಡಿ. ಜಾಸ್ತಿ ವೇಗ ಇಟ್ಟರೆ ಪರದೆಯ ನಡುವೆ ಕಪ್ಪು ಪಟ್ಟಿ ಬೀಳುತ್ತದೆ.