ಪಾಲಕ್ ಹಿಂಡಿ, ನ್ಯೂಡಿ ಮಾಡಿ

ಇಟಲಿ ಅಡುಗೆ ಅಂದಕೂಡಲೇ ಪಿಜ್ಜಾ, ಪಾಸ್ತಾ ನೆನಪಾಗುತ್ತವೆ. ಎರಡನ್ನೂ ಮನೆಯಲ್ಲೇ ಮಾಡಬೇಕೆಂದರೆ ಹಿಟ್ಟು ನಾದಬೇಕು, ಲಟ್ಟಿಸಬೇಕು. ನ್ಯೂಡಿಗೆ ಅದ್ಯಾವ ರಗಳೆಯೂ ಇಲ್ಲ. ಪಾಲಕ್ ಮತ್ತು ರಿಕೊಟ್ಟಾ ಚೀಸ್ ಬೆರೆಸಿ, ಉಂಡೆ ಕಟ್ಟಿ, ಉಪ್ಪುನೀರಿನಲ್ಲಿ ಬೇಯಿಸಿ, ಬೆಣ್ಣೆ ಹಾಕಿ ತಿನ್ನುವ ಟಸ್ಕನಿ ಪ್ರಾಂತ್ಯದ ಮನೆ ಅಡುಗೆ ಇದು. ರವಿಯೋಲಿ ಅನ್ನುವ ಪಾಸ್ತಾದ ಒಳಗೆ ತುಂಬುವುದೂ ಇದನ್ನೇ. ಹೋಳಿಗೆಯಲ್ಲಿ ಕಣಕ ಬಿಟ್ಟು ಬರೀ ಹೂರಣವನ್ನೇ ಉಂಡೆ ಕಟ್ಟಿ ಬಡಿಸಿದ ಹಾಗೆ. ಫ್ಲಾರೆನ್ಸ್ ಕಡೆ ಇದು ನ್ಯೂಡಿ. ಸಿಯೆನಾ ಕಡೆ ಇದನ್ನೇ ಮಾಲ್ಫಾತ್ತಿ ಅನ್ನುತ್ತಾರೆ.

ಕಣಕವೇ ಇಲ್ಲದ ಮೇಲೆ ಕುದಿಯುವ ನೀರಿನಲ್ಲಿ ಉಂಡೆ ಒಡೆಯದೆ ನಿಲ್ಲುವುದು ಹೇಗೆ? ಮೈದಾ ಸುರಿದು ಗಟ್ಟಿ ಮಾಡಬಹುದು. ಆದರೆ ಆಗ ಬಾಯಲ್ಲಿ ಅಂಟಂಟಾಗುವ ಹಿಟ್ಟಿನ ಮುದ್ದೆ ಸಿಗುತ್ತದೆ. ಅದಕ್ಕಿಂತ ಪಾಲಕ್ಕಿನಲ್ಲೂ ಚೀಸಿನಲ್ಲೂ ಇರುವ ನೀರನ್ನು ಮೊದಲೇ ತೆಗೆದುಬಿಡುವುದು ವಾಸಿ. ನೀರು ಎಷ್ಟು ಕಡಿಮೆಯೋ ಹಿಟ್ಟೂ ಅಷ್ಟು ಕಡಿಮೆ ಸಾಕು. ಇಡೀ ಅಡುಗೆ ನಿಂತಿರುವುದು ಇದೊಂದರ ಮೇಲೆ.

ಏನೇನು ಬೇಕು

ನಾಲ್ಕು ಜನಕ್ಕೆ ಲೆಕ್ಕ: ರಿಕೊಟ್ಟಾ 400 ಗ್ರಾಂ, ಬಿಡಿಸಿದ ಪಾಲಕ್ ಎಲೆ ಅರ್ಧ ಕಿಲೋ, ತುರಿದ ಪಾರ್ಮೆಸಾನ್ ಚೀಸ್ 80 ಗ್ರಾಂ, ಒಂದು ಮೊಟ್ಟೆ ಮತ್ತು ಇನ್ನೊಂದರ ಹಳದಿ ಭಾಗ, ಮೈದಾ 60 ಗ್ರಾಂ, ಉಪ್ಪು, ಕಾಳುಮೆಣಸಿನ ಪುಡಿ, ಸ್ವಲ್ಪ ಜಾಯಿಕಾಯಿ. ಉಂಡೆ ಹೊರಳಿಸಲು ಇನ್ನೊಂದಿಷ್ಟು ಮೈದಾ. ಮೇಲೆ ಹಾಕಲು ಉಪ್ಪಿಲ್ಲದ ಬೆಣ್ಣೆ 70 ಗ್ರಾಂ ಮತ್ತು ಸೇಜ್ ಅನ್ನುವ ಪರಿಮಳದ ಸೊಪ್ಪಿನ ಹತ್ತು ಎಲೆ. ಮೊಟ್ಟೆ ತಿನ್ನದವರಿಗೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಜಾಯಿಕಾಯಿಯನ್ನು ಬಿಡಬೇಡಿ. ನಮ್ಮಲ್ಲಿ ಅದು ಪಾಯಸಕ್ಕೆ, ಸಿಹಿಗೆ ಹೋಗುವ ಸಾಮಾನು. ಇಟಲಿಯವರು ಪಾಲಕ್ ಮತ್ತು ರಿಕೊಟ್ಟಾ ಜೊತೆಯಾದ ಕಡೆಯೆಲ್ಲ ಅದನ್ನು ತುರಿದು ಹಾಕುತ್ತಾರೆ. ಒಂದೆರಡು ಸಲ ಉಜ್ಜಿದರೆ ಸಾಕು, ಜಾಸ್ತಿಯಾದರೆ ಔಷಧಿ ವಾಸನೆ ಬರುತ್ತದೆ.

ಪಾರ್ಮೆಸಾನ್ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಲ್ಲಿನ ನಿಯಮವೇ ಹಾಗಿದೆ. ಆದ್ದರಿಂದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ ಕೊಳ್ಳಿ. ಪಾರ್ಮೆಸಾನ್ ಸಿಗದಿದ್ದರೆ ಯಾವುದಾದರೂ ಒಣಗಿದ, ಗಟ್ಟಿಯಾದ ಹಳೆ ಚೀಸ್ ಆಗಬಹುದು. ಸ್ಯಾಂಡ್‌ವಿಚ್‌ಗೆ ಹಾಕುವ ಪ್ರೊಸೆಸ್ಡ್ ಚೀಸ್ ಕ್ಯೂಬ್ ಮಾತ್ರ ಬೇಡ. ಅದರಲ್ಲಿ ನೀರೂ ಜಾಸ್ತಿ, ಉಪ್ಪೂ ಜಾಸ್ತಿ.

ರಿಕೊಟ್ಟಾ ಎಲ್ಲಿಂದ?

ಬೆಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಸಿಗದ ಊರಿನಲ್ಲಿದ್ದೀರಾ, ಮನೆಯಲ್ಲೇ ಮಾಡಿಕೊಳ್ಳಿ. ಕಷ್ಟವೇನಿಲ್ಲ.

ಅಸಲಿ ರಿಕೊಟ್ಟಾ ಹುಟ್ಟುವುದು ಉಳಿದ ನೀರಿನಿಂದ. ಟಸ್ಕನಿಯಲ್ಲಿ ಕುರಿ ಹಾಲಿನಿಂದ ಪೆಕೊರಿನೋ ಚೀಸ್ ಮಾಡುತ್ತಾರೆ. ಗಟ್ಟಿಯನ್ನು ತೆಗೆದ ಮೇಲೆ ಉಳಿಯುವ ಹಾಲೊಡಕಿನಲ್ಲಿ ಇನ್ನೂ ಸ್ವಲ್ಪ ಪ್ರೋಟೀನ್ ಇರುತ್ತದೆ. ಅದನ್ನು ಮತ್ತೆ 80ರಿಂದ 90 ಡಿಗ್ರಿವರೆಗೆ ಬಿಸಿ ಮಾಡಿದರೆ ಆ ಪ್ರೋಟೀನ್ ಸಣ್ಣ ಸಣ್ಣ ಹೂವಾಗಿ ಮೇಲೆ ತೇಲುತ್ತದೆ. ಅದನ್ನು ಎತ್ತಿ ಬುಟ್ಟಿಯಲ್ಲಿ ಸೋಸಿದರೆ ರಿಕೊಟ್ಟಾ. ನಾವು ಪನೀರ್ ಮಾಡಿದ ನೀರನ್ನು ಹೀಗೆ ಕಾಯಿಸಿದರೆ ಸಿಗುವುದು ಒಂದೆರಡು ಚಮಚ ಅಷ್ಟೇ. ಹಾಗಾಗಿ ಮನೆಯಲ್ಲಿ ನೇರವಾಗಿ ಹಾಲಿನಿಂದಲೇ ಮಾಡುವುದು ಅನುಕೂಲ.

ಎರಡು ಲೀಟರ್ ಗಟ್ಟಿ ಹಾಲಿಗೆ ಅರ್ಧ ಚಮಚ ಉಪ್ಪು ಹಾಕಿ ಕಾಯಿಸಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದು, ಹಬೆ ಏಳಲು ಶುರುವಾದಾಗ, ಉಕ್ಕುವ ಮೊದಲೇ, ಒಲೆ ಆರಿಸಿ. ಸುಮಾರು 5 ಟೇಬಲ್ ಚಮಚ ನಿಂಬೆರಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಒಂದೇ ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಕೈ ತೆಗೆಯಿರಿ. ಹತ್ತು ನಿಮಿಷದಲ್ಲಿ ನೀರು ತಿಳಿಯಾಗಿ, ಹಸಿರು ಮಿಶ್ರಿತ ಹಳದಿಗೆ ತಿರುಗುತ್ತದೆ. ಇನ್ನೂ ಬೆಳ್ಳಗೇ ಇದ್ದರೆ ಇನ್ನೊಂದು ಚಮಚ ರಸ ಹಾಕಿ. ತೆಳು ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟಿ, ಅರ್ಧ ಗಂಟೆ ನೇತುಹಾಕಿ. ಪನೀರಿನಂತೆ ಮೇಲೆ ಭಾರ ಇಡಬೇಡಿ. ಗಟ್ಟಿ ಗಡ್ಡೆ ಆಗಬಾರದು, ಬೆರಳಲ್ಲಿ ಒತ್ತಿದರೆ ಮೆತ್ತಗೆ ಹರಡಬೇಕು. 400 ಗ್ರಾಂಗೆ ಸ್ವಲ್ಪ ಆಚೀಚೆ ಸಿಗುತ್ತದೆ. ಸೋಸಿದ ನೀರು ಚಪಾತಿ ಹಿಟ್ಟು ಕಲಸಲು ಬಲು ಚೆನ್ನ.

ಅಂಗಡಿಯ ರಿಕೊಟ್ಟಾ ಆದರೂ ಹಾಗೇ ಬಳಸಬೇಡಿ. ಡಬ್ಬಿಯೊಳಗೇ ನೀರು ನಿಂತಿರುತ್ತದೆ. ಬಟ್ಟೆ ಹಾಸಿದ ಜರಡಿಗೆ ಹಾಕಿ, ಫ್ರಿಜ್‌ನಲ್ಲಿ ಒಂದೆರಡು ಗಂಟೆ ಬಿಡಿ. ಕೆಳಗಿನ ಪಾತ್ರೆ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಹಿಂಡುವ ಕೆಲಸ

ನಮ್ಮ ಸಂತೆಯಲ್ಲಿ ಪಾಲಕ್ ಅಂತ ಕಟ್ಟು ಕಟ್ಟಿ ಮಾರುವ ಸೊಪ್ಪು ಹೆಚ್ಚಾಗಿ ಯುರೋಪಿನ ಸ್ಪಿನಾಚ್ ಅಲ್ಲ. ಅದು ಬೀಟ್‌ರೂಟ್ ಬಳಗದ್ದು. ಅದಕ್ಕೆ ಬೇಜಾರು ಬೇಡ. ಟಸ್ಕನಿಯವರೂ ಎಷ್ಟೋ ಸಲ ನ್ಯೂಡಿಗೆ ಬಿಯೆತೊಲಾ ಅನ್ನುವ ಸೊಪ್ಪು ಹಾಕುತ್ತಾರೆ, ಅದೂ ಬೀಟ್‌ರೂಟಿನ ಬಳಗವೇ. ನಮ್ಮ ಸೊಪ್ಪಿನ ದಂಟು ಸ್ವಲ್ಪ ಗಡಸು, ಅದನ್ನು ಮಾತ್ರ ಪೂರ್ತಿ ಮುರಿದು ತೆಗೆಯಿರಿ.

ಎಲೆಯನ್ನು ಮೂರು ನೀರಿನಲ್ಲಿ ತೊಳೆಯಿರಿ. ಮಳೆಗಾಲದ ಸೊಪ್ಪಾದರೆ ನಾಲ್ಕು. ದೊಡ್ಡ ಬಾಣಲೆಯಲ್ಲಿ, ಎಲೆಗೆ ಅಂಟಿಕೊಂಡಿರುವ ನೀರಿನಲ್ಲೇ, ಮುಚ್ಚಳ ಹಾಕಿ ಎರಡು ಮೂರು ನಿಮಿಷ ಬಾಡಿಸಿ. ಬೇರೆ ನೀರು ಬೇಡ. ನೀರು ತೆಗೆಯುವುದೇ ಕೆಲಸ ಆಗಿರುವಾಗ ಮತ್ತೆ ಯಾಕೆ ಸುರಿಯುವುದು, ಅಲ್ವಾ? ತಟ್ಟೆಯಲ್ಲಿ ಹರಡಿ ಆರಲು ಬಿಡಿ.

ಈಗ ಒಂದೊಂದು ಹಿಡಿ ತೆಗೆದು, ಎರಡೂ ಕೈಯಲ್ಲಿ ಒತ್ತಿ ಹಿಂಡಿ. ಮೊದಲು ಕಡು ಹಸಿರು ನೀರು ಧಾರೆಯಾಗಿ ಇಳಿಯುತ್ತದೆ. ಆಮೇಲೆ ಹನಿ. ಹನಿ ನಿಂತಿತು ಅಂದುಕೊಂಡು ಇಲ್ಲಿಗೇ ಬಿಡುವವರೇ ಹೆಚ್ಚು. ಆ ಎಲ್ಲ ಉಂಡೆಗಳನ್ನೂ ಹತ್ತಿ ಬಟ್ಟೆಯಲ್ಲಿ ಹಾಕಿ, ತುದಿ ತಿರುಚಿ, ಮತ್ತೊಮ್ಮೆ ಜೋರಾಗಿ ಹಿಂಡಿ ನೋಡಿ. ಇನ್ನೂ ನಾಲ್ಕೈದು ಚಮಚ ನೀರು ಬರುತ್ತದೆ. ಅರ್ಧ ಕಿಲೋ ಎಲೆ ಕೊನೆಗೆ ಸುಮಾರು 150 ಗ್ರಾಂ ಆಗುತ್ತದೆ, ಮುರಿದರೆ ಒಳಗೆ ಪುಡಿಪುಡಿಯಾಗಿ ಕಾಣುತ್ತದೆ. ಅಲ್ಲಿವರೆಗೂ ಬಿಡಬೇಡಿ. ಹಿಂಡಿದ ನೀರನ್ನು ಸಾರಿಗೆ ಹಾಕಿ.

ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ. ಮಿಕ್ಸಿ ಬೇಡ. ಮಿಕ್ಸಿಯಲ್ಲಿ ಎಲೆ ನುಣ್ಣಗಾಗಿ, ಒಳಗೆ ಉಳಿದ ನೀರನ್ನೂ ಬಿಡುತ್ತದೆ. ಉಂಡೆಯೂ ಒಂದೇ ಸಮ ಹಸಿರಾಗಿಬಿಡುತ್ತದೆ. ಬಿಳಿಯ ನಡುವೆ ಸೊಪ್ಪಿನ ಚೂರು ಕಾಣುತ್ತಿದ್ದರೇ ಚಂದ.

ಕಲಸಿ, ಉಂಡೆ ಕಟ್ಟಿ

ರಿಕೊಟ್ಟಾ, ಪಾಲಕ್, ಪಾರ್ಮೆಸಾನ್, ಉಪ್ಪು, ಮೆಣಸು, ಜಾಯಿಕಾಯಿ ಕಲಸಿ ಒಮ್ಮೆ ರುಚಿ ನೋಡಿ. ಮೊಟ್ಟೆ ಹಾಕಿದ ಮೇಲೆ ನೋಡಲಾಗುವುದಿಲ್ಲ. ಆಮೇಲೆ ಮೊಟ್ಟೆ, ಕೊನೆಗೆ ಮೈದಾ. ನಾದಬೇಡಿ, ಸುಮ್ನೆ ಬೆರೆತರೆ ಸಾಕು. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತಣ್ಣಗಾದ ಹಿಟ್ಟು ಕೈಗೆ ಅಂಟುವುದು ಕಡಿಮೆ.

ಒಂದು ಟೇಬಲ್ ಚಮಚದಷ್ಟು ತೆಗೆದು, ಮೈದಾ ಹರಡಿದ ತಟ್ಟೆಯಲ್ಲಿ ಹೊರಳಿಸಿ, ಅಂಗೈಯಲ್ಲಿ ಹಗುರವಾಗಿ ಉಂಡೆ ಮಾಡಿ. ಇನ್ನೊಂದು ಉಪಾಯವೂ ಇದೆ. ಬುಡ ದುಂಡಗಿರುವ ಲೋಟಕ್ಕೆ ಒಂದು ಚಮಚ ಮೈದಾ, ಅದರ ಮೇಲೆ ಒಂದು ಚಮಚ ಹಿಟ್ಟು ಹಾಕಿ ಗಿರಗಿರನೆ ಆಡಿಸಿ. ಹಿಟ್ಟು ತಾನೇ ಉರುಳಿ ದುಂಡಗಾಗುತ್ತದೆ. ಮಕ್ಕಳ ಕೈಗೆ ಈ ಕೆಲಸ ಕೊಟ್ಟರೆ ಅಡುಗೆಮನೆಯೆಲ್ಲ ಮೈದಾ ಆಗುತ್ತದೆ, ಆದರೂ ಕೊಡಿ. ಈ ಅಳತೆಗೆ ಸುಮಾರು 30 ಉಂಡೆ ಆಗುತ್ತವೆ.

ಮೊಟ್ಟೆ ಬೇಡದವರು ಮೈದಾವನ್ನು ಎರಡು ಟೇಬಲ್ ಚಮಚಕ್ಕೆ ಇಳಿಸಿ, ಮೊಟ್ಟೆ ಇಲ್ಲದೆಯೇ ಉಂಡೆ ಕಟ್ಟಿ. ಅಗಲವಾದ ಡಬ್ಬಿಯಲ್ಲಿ ಚಿರೋಟಿ ರವೆ ದಪ್ಪಗೆ ಹರಡಿ, ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೂ ರವೆ ಸುರಿದು ಹೂತುಬಿಡಿ. ಮುಚ್ಚದೆ ಫ್ರಿಜ್‌ನಲ್ಲಿ ಒಂದು ರಾತ್ರಿ, ಸಾಧ್ಯವಾದರೆ ಪೂರ್ತಿ ಒಂದು ದಿನ ಇಡಿ. ರವೆ ಉಂಡೆಯ ಮೇಲ್ಮೈಯ ನೀರು ಹೀರಿಕೊಂಡು ತೆಳ್ಳಗಿನ ಒಂದು ಸಿಪ್ಪೆ ಕಟ್ಟುತ್ತದೆ. ಕುದಿನೀರಿನಲ್ಲಿ ಆ ಸಿಪ್ಪೆಯೇ ಕಾಪಾಡುತ್ತದೆ. ನನ್ನ ನಾಲಿಗೆಗೆ ಮೊಟ್ಟೆ ಹಾಕಿದ್ದಕ್ಕಿಂತ ಇದೇ ಮೇಲು, ಒಳಗೆ ಬೆಣ್ಣೆಯಷ್ಟು ಮೃದು. ಉಳಿದ ರವೆ ಒದ್ದೆಯಾಗಿರುತ್ತದೆ, ಜರಡಿ ಹಿಡಿದು ಅವತ್ತೇ ರವೆ ದೋಸೆಗೆ ಹಾಕಿ ಮುಗಿಸಿ.

ಬೇಯಿಸುವುದು

ಅಗಲವಾದ ಪಾತ್ರೆಯಲ್ಲಿ 3 ಲೀಟರ್ ನೀರಿಗೆ 2 ಟೇಬಲ್ ಚಮಚ ಉಪ್ಪು ಹಾಕಿ ಕುದಿಸಿ, ಆಮೇಲೆ ಉರಿ ಸಣ್ಣ ಮಾಡಿ. ನೀರು ಮಿಸುಕಾಡಬೇಕು, ಕೊತಕೊತ ಕುದಿಯಬಾರದು. ಜೋರು ಕುದಿಗೆ ಉಂಡೆ ಒಂದಕ್ಕೊಂದು ಡಿಕ್ಕಿ ಹೊಡೆದು ಒಡೆಯುತ್ತವೆ.

ಮೊದಲು ಒಂದೇ ಒಂದನ್ನು ಬಿಡಿ. ಮುಳುಗಿದ ಉಂಡೆ ಎರಡು ಮೂರು ನಿಮಿಷಕ್ಕೆ ಮೇಲೆ ಬರುತ್ತದೆ. ಬಂದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಎತ್ತಿ, ಮುರಿದು ತಿಂದು ನೋಡಿ. ಅಂಚು ಕರಗಿ ನೀರು ಕಲಕಿದ್ದರೆ ಉಳಿದ ಹಿಟ್ಟಿಗೆ ಒಂದು ಚಮಚ ಮೈದಾ ಸೇರಿಸಿ. ಜಗಿಯುವ ಹಾಗೆ ಗಟ್ಟಿಯಾಗಿದ್ದರೆ ಸ್ವಲ್ಪ ರಿಕೊಟ್ಟಾ ಸೇರಿಸಿ. ಎಲ್ಲವನ್ನೂ ಕಟ್ಟುವ ಮೊದಲೇ ಈ ಪರೀಕ್ಷೆ ಮಾಡಿದರೆ ಒಳ್ಳೆಯದು. ಸರಿ ಅನ್ನಿಸಿದ ಮೇಲೆ ಎಂಟು ಹತ್ತರಂತೆ ಬೇಯಿಸಿ, ಬೋಂಡ ಎತ್ತುವ ತೂತಿನ ಸೌಟಿನಲ್ಲಿ ಎತ್ತಿ. ಜರಡಿಗೆ ಸುರಿದು ಬಸಿಯುವ ಯೋಚನೆ ಬೇಡ.

ಬೆಣ್ಣೆಯನ್ನು ಇನ್ನೊಂದು ಒಲೆಯಲ್ಲಿ, ಸಣ್ಣ ಉರಿಯಲ್ಲಿ ಕರಗಿಸಿ ಸೇಜ್ ಎಲೆ ಹಾಕಿ. ಬೆಣ್ಣೆ ಚಟಪಟ ಅನ್ನುತ್ತದೆ, ನೊರೆ ಏಳುತ್ತದೆ. ಸದ್ದು ಅಡಗಿತು ಅಂದರೆ ನೀರಿನಂಶ ಹೋಯಿತು. ತುಪ್ಪ ಕಾಯಿಸುವವರಿಗೆ ಈ ಹೊತ್ತು ಚೆನ್ನಾಗಿ ಗೊತ್ತು. ತಳದಲ್ಲಿ ಕಂದು ಚುಕ್ಕೆ ಕಂಡು, ಹುರಿದ ಬಾದಾಮಿಯ ಪರಿಮಳ ಬಂದ ತಕ್ಷಣ ಉಂಡೆ ಬೇಯಿಸಿದ ನೀರು ಎರಡು ಚಮಚ ಹಾಕಿ ಆಡಿಸಿ. ಬಣ್ಣ ಅಲ್ಲಿಗೇ ನಿಲ್ಲುತ್ತದೆ, ಬೆಣ್ಣೆಯೂ ಸ್ವಲ್ಪ ಗಟ್ಟಿ ಸಾಸ್ ಆಗುತ್ತದೆ. ಉಂಡೆ ಹಾಕಿ, ಸೌಟು ಮುಟ್ಟಿಸದೆ, ಬಾಣಲೆಯನ್ನೇ ಅಲುಗಿಸಿ. ಮೇಲೆ ಪಾರ್ಮೆಸಾನ್ ತುರಿದು ಬಿಸಿಬಿಸಿ ಬಡಿಸಿ.

ಸೇಜ್ ಸಿಗದಿದ್ದರೆ ಜಜ್ಜಿದ ಬೆಳ್ಳುಳ್ಳಿ ಎರಡೆಸಳು, ಕಾಳುಮೆಣಸು ಸಾಕು. ಕರಿಬೇವು ಹಾಕಿದರೂ ರುಚಿಯಾಗಿಯೇ ಇರುತ್ತದೆ, ಆದರೆ ಅದು ಟಸ್ಕನಿಯದಲ್ಲ, ನಮ್ಮದು. ಬೆಣ್ಣೆ ಬೇಡ ಅಂದವರಿಗೆ ಟೊಮೆಟೊ ಸಾಸ್ ಆಗುತ್ತದೆ. ಟೊಮೆಟೊ, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಉಪ್ಪು ಹಾಕಿ ಇಪ್ಪತ್ತು ನಿಮಿಷ ಕುದಿಸಿದ್ದು ಸಾಕು, ಮಸಾಲೆ ಪುಡಿ ಬೇಡ.

ಇಟಲಿಯಲ್ಲಿ ಇದು ಊಟದ ಮೊದಲ ಸುತ್ತು. ತಲೆಗೆ ಆರೇಳು ಉಂಡೆ, ಆಮೇಲೆ ಬೇರೆ ಅಡುಗೆ. ನಮಗೆ ಒಂದು ಹಸಿ ತರಕಾರಿ ಸಲಾಡ್ ಜೊತೆಗಿಟ್ಟರೆ ರಾತ್ರಿ ಊಟವೇ ಆಯಿತು. ಉಳಿಯುವ ಹಾಗಿದ್ದರೆ ಬೇಯಿಸುವ ಮೊದಲೇ ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರ್‌ಗೆ ಹಾಕಿ. ಕಲ್ಲಾದ ಮೇಲೆ ಡಬ್ಬಿಗೆ ತುಂಬಿ. ಬೇಕಾದಾಗ ಕರಗಿಸದೆ ನೇರ ನೀರಿಗೆ ಹಾಕಿ, ತೇಲಲು ಇನ್ನೆರಡು ನಿಮಿಷ ಜಾಸ್ತಿ ಹಿಡಿಯುತ್ತದೆ.