ರೂಪಕ ತಾಳ ಹಾಕುತ್ತಾ ಸ್ಟೀವ್ ರೈಶ್ ಕೇಳಿ

1950ರ ಈಚೆಗಿನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಕೂತವರು ಎಡವುವುದು ಮೊದಲ ಎರಡು ನಿಮಿಷದಲ್ಲೇ. ರಾಗ ಹುಡುಕುತ್ತಾರೆ, ಸಿಗುವುದಿಲ್ಲ, ಆಫ್ ಮಾಡುತ್ತಾರೆ. ರುದ್ರಪಟ್ಟಣದಂಥ ಸಂಗೀತದ ಊರಿರುವ ಹಾಸನ ಜಿಲ್ಲೆಯಲ್ಲಿ ತಾಳ ಗೊತ್ತಿರುವ ಕೈಗಳಿಗೇನೂ ಬರವಿಲ್ಲ. ಆ ತಾಳದಿಂದಲೇ ಶುರು ಮಾಡಿ.

ಮೊದಲಿಗೆ ಅಮೆರಿಕದ ಸಂಯೋಜಕ ಸ್ಟೀವ್ ರೈಶ್ ಅವರ ‘ಕ್ಲ್ಯಾಪಿಂಗ್ ಮ್ಯೂಸಿಕ್’ (1972). ವಾದ್ಯವಿಲ್ಲ, ಇಬ್ಬರ ಚಪ್ಪಾಳೆ, ಅಷ್ಟೆ. ಕೇಳುವ ಮುಂಚೆ ಇದನ್ನು ಬಾಯಲ್ಲಿ ಹೇಳಿಕೊಳ್ಳಿ:

ತ ಕಿ ಟ – ತ ಕ – ತ – ತ ಕ –

ಗೀಟು ಇರುವಲ್ಲಿ ಒಂದಕ್ಷರ ಮೌನ. ಒಟ್ಟು 12 ಅಕ್ಷರ, 8 ಚಪ್ಪಾಳೆ. ತೊಡೆಯ ಮೇಲೆ ರೂಪಕ ಹಾಕಿ: ಎರಡು ಪೆಟ್ಟು, ಒಂದು ಹುಸಿ (ಸದ್ದಿಲ್ಲದೆ ಕೈ ಬೀಸುವುದು), ಒಂದೊಂದಕ್ಕೂ ನಾಲ್ಕಕ್ಷರ. ಹುಸಿ ಬರುವುದು ಮೌನದ ಮೇಲೆ. ಕೈ ತಪ್ಪುವುದೂ ಅಲ್ಲೇ. ಹತ್ತು ಆವರ್ತ (12 ಅಕ್ಷರದ ಸುತ್ತು) ತಪ್ಪದೆ ಬಂದ ಮೇಲೆ ಧ್ವನಿಮುದ್ರಣ ಹಾಕಿ.

ಒಬ್ಬರು ಕೊನೆಯವರೆಗೂ ಇದನ್ನೇ ತಟ್ಟುತ್ತಾರೆ. ಇನ್ನೊಬ್ಬರು ಕೆಲವು ಆವರ್ತಗಳಾದ ಮೇಲೆ ಒಂದಕ್ಷರ ಸರಿಯುತ್ತಾರೆ. ಮೊದಲ ‘ತ’ ಕೊನೆಗೆ ಹೋಗಿ ‘ಕಿ ಟ – ತ ಕ – ತ – ತ ಕ – ತ’ ಆಗುತ್ತದೆ. ಆಗ ಒಬ್ಬರ ಮೌನವನ್ನು ಇನ್ನೊಬ್ಬರು ತುಂಬಿ, 12 ಅಕ್ಷರದಲ್ಲಿ ಒಂದೂ ಖಾಲಿ ಉಳಿಯುವುದಿಲ್ಲ. ಹೀಗೆ 12 ಸಲ ಸರಿದರೆ ಇಬ್ಬರೂ ಮತ್ತೆ ಒಂದಾಗುತ್ತಾರೆ. ನಿಮ್ಮ ತಾಳ ಮಾತ್ರ ಅಲುಗಬಾರದು. ಸರಿಯುವವರ ಹಿಂದೆ ನಿಮ್ಮ ಕೈಯೂ ಓಡಿದರೆ ಸರಿದದ್ದೇ ಗೊತ್ತಾಗದು.

ಮುಂದೆ ಹಂಗೇರಿ ಮೂಲದ ಸಂಯೋಜಕ ಲಿಗೆಟಿ ಅವರ ‘ಅಟ್ಮಾಸ್ಫಿಯರ್ಸ್’ (1961). ಇಲ್ಲಿ ತಾಳ ಬಿಟ್ಟುಬಿಡಿ. ಹತ್ತಿರ ಹತ್ತಿರದ ಸ್ವರಗಳನ್ನೆಲ್ಲ ಇಡೀ ವಾದ್ಯವೃಂದ ಒಟ್ಟಿಗೆ ನುಡಿಸಿ ನಾದದ ಮುದ್ದೆ ಕಟ್ಟುತ್ತದೆ. ಮುದ್ದೆಯಲ್ಲಿ ಕಾಳು ಹುಡುಕಬಾರದು. ದಪ್ಪವಾಯಿತೇ, ತೆಳುವಾಯಿತೇ, ಮೇಲೇರಿತೇ ಎಂದಷ್ಟೇ ಗಮನಿಸಿ. ಆರಂಭ ಸಣ್ಣಗಿದೆಯೆಂದು ವಾಲ್ಯೂಮ್ ಏರಿಸಬೇಡಿ. ನಡುವೆ ಪಿಕಲೋಗಳು (ಪುಟ್ಟ ಕೊಳಲುಗಳು) ಕಿವಿ ಚುಚ್ಚುವಷ್ಟು ಮೇಲೇರಿ, ನಾದ ಥಟ್ಟನೆ ಡಬಲ್ ಬಾಸ್‌ ಎಂಬ ದೊಡ್ಡ ತಂತಿವಾದ್ಯಗಳ ತಳಕ್ಕೆ ಬೀಳುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಆ ತಳ ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಬೇಕು. ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆ ಬಿಟ್ಟ ಹೊತ್ತು ನೋಡಿಕೊಳ್ಳಿ. ಶೀಟಿನ ಮೇಲೆ ಹನಿ ಬೀಳುತ್ತಿದ್ದರೆ ಸಣ್ಣ ನಾದವೆಲ್ಲ ಮುಳುಗಿಹೋಗುತ್ತದೆ.

ಅದೇ ಮಳೆ ಅಮೆರಿಕದ ಸಂಯೋಜಕ ಜಾನ್ ಕೇಜ್ ಅವರ 4 ನಿಮಿಷ 33 ಸೆಕೆಂಡಿನ ಕೃತಿಗೆ (1952) ಹೇಳಿ ಮಾಡಿಸಿದ್ದು. ಮೂರು ಭಾಗಗಳಿವೆ, ವಾದಕರು ಒಂದು ಸ್ವರವನ್ನೂ ನುಡಿಸುವುದಿಲ್ಲ. ಸುತ್ತ ಕೇಳಿಸಿದ್ದೇ ಸಂಗೀತ. ಇದಕ್ಕೆ ಯೂಟ್ಯೂಬೂ ಬೇಡ. ಹೆಡ್‌ಫೋನ್ ತೆಗೆದಿಟ್ಟು, ಟೈಮರ್ ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ಸಾಕು.