ಚಾರ್ಲ್ಸ್ಟನ್‌ನಲ್ಲಿ ಎರಡು ದಿನ: ಏನು ನೋಡಬೇಕು, ಏನು ಕೇಳಿ ಉಣ್ಣಬೇಕು

ಮಗನೋ ಮಗಳೋ ಅಟ್ಲಾಂಟಾ ಇಲ್ಲವೆ ಶಾರ್ಲಟ್‌ನಲ್ಲಿದ್ದು, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಅಪ್ಪ-ಅವ್ವ ಬಂದಿದ್ದರೆ, ಶನಿವಾರ-ರವಿವಾರ ಹೋಗಿಬರಲು ದಕ್ಷಿಣ ಕೆರೊಲಿನಾದ ಚಾರ್ಲ್ಸ್ಟನ್ ಹೇಳಿ ಮಾಡಿಸಿದ ಊರು. ಕಾರಿನಲ್ಲಿ ಶಾರ್ಲಟ್‌ನಿಂದ ಮೂರೂವರೆ ತಾಸು, ಅಟ್ಲಾಂಟಾದಿಂದ ಐದು. ಆ ಊರು ಹುಟ್ಟಿದ್ದು 1670ರಲ್ಲಿ. ಅಷ್ಟೊತ್ತಿಗೆ ನಮ್ಮ ಗೋಳಗುಮ್ಮಟ ಎದ್ದು ನಿಂತಾಗಿತ್ತು. ದೊಡ್ಡ ಕಟ್ಟಡ ಹುಡುಕಿಕೊಂಡು ಹೋದರೆ ಸಪ್ಪೆ ಎನಿಸುತ್ತದೆ. ಇಲ್ಲಿ ನೋಡಬೇಕಾದದ್ದು ಓಣಿ, ಗೋಡೆ, ಬಾಗಿಲು.

ಏಪ್ರಿಲ್ ಅಥವಾ ನವೆಂಬರ್ ಒಳ್ಳೆಯ ಕಾಲ. ವಿಜಯಪುರದ ಬಿಸಿಲು ಕಂಡವರಿಗೆ ಜುಲೈ ತಿಂಗಳ 33 ಡಿಗ್ರಿ ಯಾವ ಲೆಕ್ಕ ಎನ್ನಬೇಡಿ. ನಮ್ಮದು ಒಣ ಬಿಸಿಲು, ಅದು ಕಡಲ ಸೆಕೆ, ಬೆವರು ಆರುವುದೇ ಇಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಹಂಗಾಮು. ಆಗ ಹೋಗುವುದಾದರೆ, ರದ್ದು ಮಾಡಿದರೆ ರೊಕ್ಕ ವಾಪಸ್ ಬರುವಂಥ ಕೋಣೆಯನ್ನೇ ಹಿಡಿಯಿರಿ.

ಹೊರಡುವ ಮುನ್ನ ಬಂದರಿನ ಭರತ-ಇಳಿತದ ವೇಳಾಪಟ್ಟಿ ನೋಡಿ. ಊರು ಆಶ್ಲಿ, ಕೂಪರ್ ನದಿಗಳ ನಡುವಿನ ತಗ್ಗು ನೆಲ. ಭರತ 7 ಅಡಿ ಮುಟ್ಟಿತೆಂದರೆ ಮಳೆ ಹನಿ ಬೀಳದಿದ್ದರೂ ತಗ್ಗಿನ ರಸ್ತೆಗೆ ಉಪ್ಪುನೀರು ಬರುತ್ತದೆ. ಸಿಟಿ ಮಾರ್ಕೆಟ್ ಸುತ್ತ ಇದು ಹೆಚ್ಚು, ಏಕೆಂದರೆ ಹಳ್ಳ ಮುಚ್ಚಿ ಕಟ್ಟಿದ ಜಾಗ ಅದು. ಕಾರನ್ನು ಬಹುಮಹಡಿ ಪಾರ್ಕಿಂಗಿನ ಮೇಲಿನ ಅಂತಸ್ತಿನಲ್ಲಿ ಬಿಟ್ಟು ನಡೆಯಿರಿ. ಕಾಲು ಸೋತರೆ ಡ್ಯಾಶ್ ಬಸ್ ಇದೆ, ರೊಕ್ಕ ಕೊಡಬೇಕಿಲ್ಲ.

ಬೆಳಿಗ್ಗೆ ಎಂಟಕ್ಕೆ ತುದಿಯ ವೈಟ್ ಪಾಯಿಂಟ್ ಗಾರ್ಡನ್‌ನಿಂದ ಶುರು ಮಾಡಿ ಉತ್ತರಕ್ಕೆ ಬನ್ನಿ. ಮಾರ್ಕೆಟ್‌ವರೆಗೆ ಸುಮಾರು ಒಂದೂವರೆ ಕಿಲೋಮೀಟರ್. ನಡುವೆ ಈಸ್ಟ್ ಬೇ ಬೀದಿಯಲ್ಲಿ ರೇನ್‌ಬೋ ರೋ ಎಂಬ 13 ಬಣ್ಣದ ಮನೆಗಳ ಸಾಲು. ಅವು ಪೂರ್ವಕ್ಕೆ ಮುಖ ಮಾಡಿವೆ, ಮಧ್ಯಾಹ್ನ ಹೋದರೆ ಫೋಟೊ ಕಪ್ಪು. ಹಳೆಯ ಮನೆಗಳ ಗೋಡೆಯ ಮೇಲೆ ತಟ್ಟೆಯಗಲದ ಕಬ್ಬಿಣದ ಬಿಲ್ಲೆಗಳು ಕಾಣುತ್ತವೆ, ಕೆಲವು ದುಂಡು, ಕೆಲವು ಸಿಂಹದ ಮುಖ. ಅಲಂಕಾರವೆಂದು ದಾಟಿಹೋಗಬೇಡಿ: 1886ರ ಆಗಸ್ಟ್ 31ರ ಭೂಕಂಪದ ನಂತರ ಬಿರಿದ ಗೋಡೆಗಳನ್ನು ಬಿಗಿಯಲು ಮನೆಯ ಆಚೆಯಿಂದ ಈಚೆಗೆ ಸರಳು ಹಾಯಿಸಿ ಹಾಕಿದ ನಟ್ಟು ಅವು. ಇನ್ನು, ಎಷ್ಟೋ ಕಡೆ ಬೀದಿಗೆ ತೆರೆಯುವ ಬಾಗಿಲು ಮನೆಯದ್ದಲ್ಲ, ಪಕ್ಕದ ಉದ್ದನೆಯ ಪಡಸಾಲೆಯದ್ದು. ಜನ ವಾಸವಿರುವ ಮನೆಗಳು. ಬಾಗಿಲು ತೆರೆದಿದೆಯೆಂದು ಒಳಗೆ ಕಾಲಿಡಬೇಡಿ.

ಚಾಮರ್ಸ್ ಬೀದಿಯಲ್ಲಿ, ಮನುಷ್ಯರನ್ನೇ ಹರಾಜು ಹಾಕುತ್ತಿದ್ದ ಕಟ್ಟಡ ಈಗ ವಸ್ತುಸಂಗ್ರಹಾಲಯ. ಈ ಊರಿನ ಸಿರಿ ಎಲ್ಲಿಂದ ಬಂತೆಂಬುದು ಅಲ್ಲಿ ತಿಳಿಯುತ್ತದೆ, ಅದನ್ನು ಬಿಡಬೇಡಿ. ಬೀದಿಗೆ ದುಂಡುಕಲ್ಲು ಹಾಸಿದೆ. ಮೊಳಕಾಲು ನೋವಿನವರು ಬದಿಯ ಕಾಲುದಾರಿ ಹಿಡಿಯಬೇಕು.

ಈಗ ಊಟ. ಚಾರ್ಲ್ಸ್ಟನ್‌ನ ಅಡುಗೆ ಬೆಳೆದದ್ದು ಗುಲಾಮರಾಗಿ ಬಂದ ಆಫ್ರಿಕನ್ನರ ಕೈಯಲ್ಲಿ: ಅಕ್ಕಿ, ಬೆಂಡಿಕಾಯಿ, ಅಲಸಂದಿ, ಎಳ್ಳು. ನಮಗೆ ಪರಿಚಯದ ಸಾಮಾನೇ, ಅಲ್ಲೇ ಮೋಸ. ರೆಡ್ ರೈಸ್ ಥೇಟ್ ಟೊಮ್ಯಾಟೊ ಬಾತ್, ಒಳಗೆ ಹಂದಿಮಾಂಸ. ಹಾಪಿನ್ ಜಾನ್ ಎಂದರೆ ಅಲಸಂದಿ ಅನ್ನ, ಅದರಲ್ಲೂ ಅದೇ. ಕಾಲರ್ಡ್ ಎಂಬ ಸೊಪ್ಪಿನ ಪಲ್ಯವನ್ನು ಹಂದಿಯ ಮೂಳೆ ಹಾಕಿ ತಾಸುಗಟ್ಟಲೆ ಕುದಿಸುತ್ತಾರೆ. ಬರೀ ‘ವೆಜಿಟೇರಿಯನ್’ ಎಂದರೆ ತುಂಡು ಕಾಣದ ಪಲ್ಯವನ್ನೂ ತಂದಿಡಬಹುದು. ‘ನೋ ಪೋರ್ಕ್, ನೋ ಬೇಕನ್, ನೋ ಚಿಕನ್ ಸ್ಟಾಕ್’ ಎಂದು ಒಂದೊಂದಾಗಿ ಹೇಳಿ. ಕರಿದ ಬೆಂಡಿಕಾಯಿಗೆ ಮೀನು ಕರಿದ ಎಣ್ಣೆಯೇ ಆಗಿದ್ದೀತು, ಅದನ್ನೂ ಕೇಳಿ.

ಗ್ರಿಟ್ಸ್ ಎಂದರೆ ಗೋವಿನಜೋಳದ ನುಚ್ಚು, ಮಜ್ಜಿಗೆಯ ಬದಲು ಬೆಣ್ಣೆ, ಚೀಸ್. ಹೋಟೆಲಿನಲ್ಲಿ ಕೋಳಿ ಸಾರಿನಲ್ಲಿ ಬೇಯಿಸಿರಬಹುದು. ಅಡುಗೆಮನೆಯಿರುವ ಕೋಣೆ ಸಿಕ್ಕರೆ ನೀವೇ ಮಾಡಿಕೊಳ್ಳಿ. ‘ಸ್ಟೋನ್ ಗ್ರೌಂಡ್’ ಎಂದು ಬರೆದ ಚೀಲ ತನ್ನಿ. ಐದು ನಿಮಿಷದ ‘ಕ್ವಿಕ್’ಗೆ, ‘ಇನ್‌ಸ್ಟಂಟ್’ಗೆ ರುಚಿಯಿಲ್ಲ. ನಾಲ್ಕು ಕಪ್ ನೀರು ಕುದಿಯುವಾಗ ಉಪ್ಪು ಹಾಕಿ, ಒಂದು ಕಪ್ ನುಚ್ಚನ್ನು ಕೈಯಿಂದ ಉದುರಿಸುತ್ತ ತಿರುವಿ. ಒಮ್ಮೆಲೇ ಸುರಿದರೆ ಗಂಟು. ಸಣ್ಣ ಉರಿಯಲ್ಲಿ 45 ನಿಮಿಷ, ಆಗಾಗ ತಳ ಕೆದಕಬೇಕು, ಇಲ್ಲದಿದ್ದರೆ ಸೀದೀತು. ಊರಿನಿಂದ ತಂದ ಶೇಂಗಾ ಚಟ್ನಿಪುಡಿ ಇದಕ್ಕೆ ಚೀಸಿಗಿಂತ ವಾಸಿ. (ವಿಮಾನ ಇಳಿದಾಗ ತಿನಿಸು ಇದೆಯೆಂದು ಬರೆದುಕೊಡಿ, ಹಸಿ ಕರಿಬೇವು ಮಾತ್ರ ಬೇಡ, ಕಸಿದುಕೊಳ್ಳುತ್ತಾರೆ.)

ಮಾಂಸ ತಿನ್ನುವವರು ಇದೇ ನುಚ್ಚಿನ ಮೇಲೆ ಸಿಗಡಿ ಹಾಕಿದ ಶ್ರಿಂಪ್ ಅಂಡ್ ಗ್ರಿಟ್ಸ್ ತಪ್ಪಿಸಬಾರದು. ಶೀ-ಕ್ರ್ಯಾಬ್ ಎಂಬ ಏಡಿ ಸೂಪಿಗೆ ಶೆರ್ರಿ ಎಂಬ ಮದ್ಯ ಬೀಳುತ್ತದೆ. ಉಪ್ಪುನೀರಿನಲ್ಲಿ ಕುದಿಸಿದ ಹಸಿ ಶೇಂಗಾ ರಸ್ತೆ ಬದಿಯಲ್ಲೇ ಸಿಗುತ್ತದೆ. ಬೆನ್ನೆ ವೇಫರ್ ಹೆಸರು ಕೇಳಿ ಬೆಣ್ಣೆ ಎಂದುಕೊಂಡೀರಿ. ಬೆನ್ನೆ ಎಂದರೆ ಅಲ್ಲಿ ಎಳ್ಳು. ತೆಳುವಾದ ಸಿಹಿ ಬಿಸ್ಕೀಟು, ಮೊಟ್ಟೆ ಹಾಕಿರುತ್ತಾರೆ. ಬಿಲ್ಲಿನ ಮೇಲೆ 18ರಿಂದ 20 ಪ್ರತಿಶತ ಟಿಪ್ ಕೊಡುವುದು ಅಲ್ಲಿನ ರೂಢಿ, ಲೆಕ್ಕದಲ್ಲಿ ಹಿಡಿದೇ ಕೂಡ್ರಿ.

ಎರಡನೆಯ ದಿನ ಫೋರ್ಟ್ ಸಮ್ಟರ್. 1861ರ ಏಪ್ರಿಲ್ 12ರಂದು ಅಮೆರಿಕದ ಅಂತರ್ಯುದ್ಧ ಶುರುವಾದ ಕೋಟೆ, ಬಂದರಿನ ಬಾಯಲ್ಲಿದೆ, ದೋಣಿಯಲ್ಲೇ ಹೋಗಬೇಕು. ದೋಣಿ ಹೊರಡುವ ಜಾಗ ಎರಡು: ಊರೊಳಗಿನ ಲಿಬರ್ಟಿ ಸ್ಕ್ವೇರ್, ಸೇತುವೆಯಾಚೆಯ ಪೇಟ್ರಿಯಟ್ಸ್ ಪಾಯಿಂಟ್. ಟಿಕೆಟಿನಲ್ಲಿ ಯಾವುದೆಂದು ಓದದೆ ಹೊರಟವರು ಇನ್ನೊಂದಕ್ಕೆ ಹೋಗಿ ದೋಣಿ ತಪ್ಪಿಸಿಕೊಳ್ಳುತ್ತಾರೆ. ಹೋಗಿಬರಲು ಎರಡೂಕಾಲು ತಾಸು, ಅದರಲ್ಲಿ ಕೋಟೆಯೊಳಗೆ ಒಂದೇ ತಾಸು. ದೋಣಿಯ ಮೇಲಿನ ಅಂತಸ್ತಿನಲ್ಲಿ ಗಾಳಿ ಜೋರು. ಹಿರಿಯರಿಗೆ ಕಿವಿ ಮುಚ್ಚಲು ಒಂದು ಮಫ್ಲರ್ ಕೈಯಲ್ಲಿರಲಿ.